ನಾಲ್ಕು ಆಟಗಳ ಮಟ್ಟಿಗೆ

ಬೇಲಿಯಿಂದ ಇನ್ನೂರು ಅಡಿ ದೂರ, ಎಂದಿತ್ತು ಕಾಗದ.
ಅಳೆಯಲು ಯಾರೂ ಬರಲಿಲ್ಲ. ನಾನೇ ಹೆಜ್ಜೆ ಎಣಿಸಿ
ಜೋಳದ ಗೋಪುರದ ನೆರಳಲ್ಲಿ ಟ್ರಕ್ಕು ನಿಲ್ಲಿಸಿದ್ದೇನೆ.
ರುಜು ಹಾಕಿದವನು ನನ್ನ ಹಲ್ಲಿನ ಡಾಕ್ಟರು;
ಬಾಯಿ ತೆರೆ ತೆರೆ ಎನ್ನುತ್ತಿದ್ದವನೇ
ಮುಚ್ಚು ಎಂದು ಬರೆದು ಕಳಿಸಿದ.

ಗಾಜು ಇಳಿಸಿದರೆ ನೆಬ್ರಾಸ್ಕದ ಗಾಳಿ, ಧೂಳು.
ಬ್ಯಾಟು ಬೀಸಿದ್ದು ಮೊದಲು ಕಾಣುತ್ತದೆ,
ಟಣ್ ಎಂಬ ಸದ್ದು ಆಮೇಲೆ,
ಬರಲೋ ಬೇಡವೋ ಎಂಬಂತೆ.

ಆವತ್ತು ಮೂರನೇ ಚೆಂಡು ಮಂಡಿಗಿಂತ ಕೆಳಗಿತ್ತು
(ಈಗಲೂ ಹೇಳುತ್ತೇನೆ, ಕೆಳಗೇ ಇತ್ತು).
ಔಟ್ ಎಂದಳು ಮಾರ್ಲಿಸ್ ಕುದ್ರ್ನಾ,
ಹದಿನೈದರ ಅಂಪೈರು,
ಅಣ್ಣನ ಎದೆಗವಚ ತೊಡೆಗೆ ಬಡಿಯುತ್ತಿತ್ತು.
ಜಾಲರಿಯೊಳಗೆ ಬೆರಳು ತೂರಿಸಿ ಬೇಲಿ ಅಲ್ಲಾಡಿಸಿದೆ.
ಅವಳ ಕಣ್ಣು, ಅವಳ ನಡಿಗೆ, ಅವಳಪ್ಪನ ಕುಡಿತ,
ಒಂದನ್ನೂ ಬಿಡಲಿಲ್ಲ.
ಹತ್ತು ವರ್ಷದವರ ಆಟ.
ಗೆದ್ದರೆ ಒಂದೊಂದು ಐಸ್ ಕಡ್ಡಿ,
ಸೋತವರಿಗೂ ಅದೇ.

ಕೋಲ್ಟನ್ ಹೆಲ್ಮೆಟ್ಟು ತೆಗೆಯಲಿಲ್ಲ.
ಉಳಿದೆರಡು ಇನಿಂಗ್ಸು ಅದರೊಳಗೇ ಕೂತಿದ್ದ.
ಮನೆಯ ದಾರಿಯಲ್ಲೂ.
ಊಟಕ್ಕೆ ಕರೆದಾಗ ಅವನಮ್ಮ ನನ್ನ ಕಡೆ ನೋಡಲಿಲ್ಲ.

ಮಂಗಳವಾರ ದಿನಸಿ ಅಂಗಡಿ. ಗಲ್ಲಾದಲ್ಲಿ ಅವಳು.
ಸಾಲು ಬದಲಿಸೋಣವೆಂದರೆ ಹಿಂದೆ ಒಬ್ಬ ಅಜ್ಜಿ,
ಗಾಡಿ ತುಂಬ ಬೆಕ್ಕಿನ ತಿಂಡಿ.
ಹಾಲು. ಬ್ಯಾಟರಿ. ಮೊಟ್ಟೆಯ ಪೆಟ್ಟಿಗೆ ತೆರೆದು
ಒಂದೊಂದನ್ನೇ ತಿರುಗಿಸಿ ನೋಡಿದಳು.
‘ಇದು ಬಿರುಕು ಬಿಟ್ಟಿದೆ. ಬೇರೆ ತರಲೇ?’
ಎಲ್ಲಿ, ನನಗೆ ಕಾಣಲಿಲ್ಲ.
ದೀಪಕ್ಕೆ ಹಿಡಿದಳು.
ಇತ್ತು. ಕೂದಲೆಳೆಯಷ್ಟು.
ಹೇಳಬೇಕಾದ್ದು ಹಲ್ಲಿನವರೆಗೆ ಬಂದಿತ್ತು;
‘ಹೂಂ, ತಾ’ ಎಂದೆ.

ಈಗ ಪ್ಲೇಟಿನ ಹಿಂದೆ ಅವಳಿಲ್ಲ.
ಇಪ್ಪತ್ತೈದು ಡಾಲರಿಗೆ ಬೈಸಿಕೊಳ್ಳಲು
ಬೇರೆ ಯಾರೂ ಸಿಕ್ಕಿಲ್ಲವಂತೆ.
ಎರಡು ತಂಡದ ಕೋಚುಗಳೇ ಸರದಿಯಲ್ಲಿ ನಿಂತು
ಪ್ರತಿ ಚೆಂಡಿಗೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕೋಲ್ಟನ್ ಬಂದ. ಬೇಲಿಯ ಮೂಲೆಗೊಮ್ಮೆ ಕಣ್ಣು ಹಾಯಿಸಿದ,
ನಾನು ನಿಲ್ಲುತ್ತಿದ್ದ ಜಾಗ.
ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು
ಕಾಲೂರಿ ನಿಂತ.
ಚೆಂಡು ಹೋಯಿತು. ಮೇಲೋ ಕೆಳಗೋ,
ಇಲ್ಲಿಂದ ಅವನ ಮಂಡಿಯೇ ಕಾಣುವುದಿಲ್ಲ.

ಕೈ ತಾನಾಗಿ ಹಾರ್ನಿನ ಮೇಲೆ ಹೋಗಿ ಕೂತಿತ್ತು.
ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತೆ,
ಮೇಷ್ಟರು ಹೊರಗೆ ಕಳಿಸಿದ ಹುಡುಗನ ಹಾಗೆ.