ಬೇಸಿಗೆಗೆಂದು ಕಟ್ಟಿಟ್ಟ ಜಗಳ

ಚಳಿಗಾಲದ ಮೊದಲ ದಿನ ಹುಟ್ಟಿದ ಕೂಸು
ಅದರ ಕೊನೆಯ ದಿನ ಮೊಮ್ಮಕ್ಕಳ ಬಾಲ ಬಾಚುತ್ತಿರುತ್ತದೆ.
ಅಷ್ಟುದ್ದ.
ಸೂರ್ಯ ಅಷ್ಟು ದೂರ ಸರಿಯುತ್ತಾನೆ,
ಉಳಿದ ಚುಕ್ಕಿಗಳ ನಡುವೆ ಯಾವುದು ಅವನೆಂದು
ಹಿರಿಯರೇ ವಾದಿಸುವಷ್ಟು.
ತಪ್ಪಾಯಿತು, ವಾದಿಸುವುದಿಲ್ಲ.
ನೆಲದಡಿ ಯಾರೂ ವಾದಿಸುವುದಿಲ್ಲ.

ಓರ್ಷದ ಬಿಲದಲ್ಲಿ ನಾವು ಮುನ್ನೂರ ನಲವತ್ತು ಮಂದಿ.
ಒಂದೇ ಗಾಳಿ, ಒಂದೇ ಕಾವು, ಪಾಚಿಗಂಜಿಯ ಒಂದೇ ತೊಟ್ಟಿ.
ಒಬ್ಬರು ಸಿಟ್ಟಾದರೆ ಮೈಯಿಂದೆದ್ದ ಬಿಸಿಗೆ
ಚಾವಣಿಯ ಹಿಮ ಬೆವರಿ
ಕೆಳಗೆ ಮಲಗಿದ ಮಗುವಿನ ಕಿವಿಗೆ ತೊಟ್ಟಿಕ್ಕುತ್ತದೆ.
ಮೂವರು ಸಿಟ್ಟಾದರೆ ಚಾವಣಿಯೇ ಬರುತ್ತದೆ.
ಬಂದದ್ದುಂಟು. ಪಕ್ಕದ ಬಿಲದಲ್ಲೀಗ ಬರಿಯ ಮಂಜು.

ಅದಕ್ಕೇ ಹಗ್ಗ.
ಯಾರಾದರೂ ನಿನ್ನ ಪಾಲಿನ ಗಂಜಿ ಕುಡಿದರೆ,
ನಗಬಾರದ ಹೊತ್ತಲ್ಲಿ ನಕ್ಕರೆ,
ಬಾಯಿ ತೆರೆಯಬೇಡ. ಎರಡು ಎಳೆ ತಗೊ,
ಒಂದು ನಿನಗೆ, ಒಂದು ಅವರಿಗೆ,
ಎರಡಕ್ಕೂ ಒಂದೇ ಬಗೆಯ ಗಂಟು ಹಾಕು.
‘ಬೇಸಿಗೇಲಿ’ ಅನ್ನು. ಅವರೂ ‘ಬೇಸಿಗೇಲಿ’ ಅನ್ನುತ್ತಾರೆ.
ಆಮೇಲೆ ಒತ್ತಿಕೊಂಡು ಮಲಗಿ, ಬೆನ್ನಿಗೆ ಬೆನ್ನು.

ಗಂಟಲಿನದನ್ನು ಗಂಟಿಗಿಳಿಸುವುದು:
ನಮ್ಮ ಮಕ್ಕಳು ನಡೆಯುವ ಮೊದಲೇ ಕಲಿಯುವ ವಿದ್ಯೆ.

ನನ್ನ ತಾಯಿ ಯಿಲ್ವೆ ಬಿಟ್ಟುಹೋದದ್ದು
ಒಂದು ಚಮಚ, ಒಂಬತ್ತು ಗಂಟು.
ಎಂಟರ ಕಥೆ ಹೇಳಿದಳು.
ಒಂಬತ್ತನೆಯದಕ್ಕೆ ‘ತೆಮ್ರು’ ಎಂದಳು, ಅಷ್ಟೆ.
ಎಂಥ ಬಿಗಿ ಅದು!
ಕಚ್ಚಿ ಎಳೆದ ಹಲ್ಲಿನ ಗುರುತು ಇನ್ನೂ ಹಾಗೇ ಇತ್ತು.

ಕೊನೆಗೂ ಸೂರ್ಯ ಬಂದ.
ಬಾಗಿಲ ಮಂಜು ಮೊದಲು ನೀಲಿಯಾಯಿತು, ಆಮೇಲೆ ಹಾಲು,
ಆಮೇಲೆ ಬಾಗಿಲೇ ಹರಿದುಹೋಯಿತು.
ಹೊರಬಂದವರು ತಮ್ಮ ನೆರಳನ್ನು ಹಳ್ಳವೆಂದು ಹಾರಿದ್ದು, ಬಿದ್ದದ್ದು,
ಬಿಡಿ, ಅದನ್ನು ಎಲ್ಲರೂ ಹೇಳುತ್ತಾರೆ.

ಬಿತ್ತುವ ಮೊದಲು, ಬಿಲ ತೊಳೆಯುವ ಮೊದಲು
ಹಗ್ಗ ಹೊತ್ತು ಎಲ್ಲರೂ ಜಗಳದ ಬಯಲಿಗೆ.
ಎಂದೋ ಬತ್ತಿದ ಗಂಜಿಗಾಗಿ ಮುದುಕರು ಒದೆದಾಡಿದರು.
ಒಬ್ಬಳು ಸತ್ತ ಗಂಡನ ಗಂಟನ್ನು ಕಲ್ಲಿಗೆ ಸುತ್ತಿ
ಕಲ್ಲನ್ನೇ ಬೈದಳು, ಸಂಜೆವರೆಗೆ,
ನಡುನಡುವೆ ನೀರು ಕುಡಿದು.

ನನ್ನೆದುರು ತೆಮ್ರುವಿನ ಮೊಮ್ಮಗ, ಸುಂಬೊ.
ಅವನ ಕೈಯಲ್ಲೂ ಅದೇ ಗಂಟು.
‘ಏನಂತೆ ವಿಷಯ?’ ಎಂದ.
‘ನಿನಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ’ ಎಂದೆ.

ಹಳೆಯ ಗಂಟನ್ನು ಮುಂದಿನ ಚಳಿಗೆ ಒಯ್ಯುವಂತಿಲ್ಲ.
ಜಗಳವಾಡದೆ ಬಿಚ್ಚಿದರೆ ಸತ್ತವರಿಗೆ ಮೋಸ.
ನಿಂತೆವು. ಬಿಸಿಲಿಗೆ ಬೆನ್ನಿನ ತುಪ್ಪಳ
ಹಿಡಿ ಹಿಡಿಯಾಗಿ ಉದುರುತ್ತಿತ್ತು.

ಕೊನೆಗೆ ಅವನೇ, ತುಸು ನಾಚಿ,
‘ನಿನ್ನ ನೆರಳು ನನ್ನ ಕಾಲ ಮೇಲಿದೆ’ ಎಂದ.
‘ಇರಲಿ.’
‘ತೆಗಿ.’
‘ತೆಗೆಯಲ್ಲ!’

ಆ ಒಂದು ಮಾತಿಗೆ ಹೊಟ್ಟೆಯ ತಳದಿಂದ ಏನೋ ಎದ್ದಿತು,
ಇಡೀ ಚಳಿಗಾಲ ಮಂಡಿ ಮಡಚಿ ಕೂತಿದ್ದದ್ದು.
ಕೂಗಿದೆ.
ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.
ಅವನೂ ಕೂಗಿದ.
ಕೂಗಿದ ಕೂಡಲೇ ಇಬ್ಬರೂ ತಲೆಗೆ ಕೈ ಅಡ್ಡ ಹಿಡಿದು
ಮೇಲೆ ನೋಡಿದೆವು.

ಏನೂ ಬೀಳಲಿಲ್ಲ.

ಮತ್ತೆ ಕೂಗಿದೆವು, ಬರಿಯ ರುಚಿಗೆ.

ಗಂಟು ಸಡಿಲಾಗುವ ಹೊತ್ತಿಗೆ ಅವನ ಉಗುರೊಂದು ಮುರಿದಿತ್ತು.
ಒಳಮಡಿಕೆಯಲ್ಲಿ ಒಂದೇ ಒಂದು ಕೂದಲು, ಬೂದುಬಣ್ಣದ್ದು.
‘ನನ್ನಜ್ಜಿಯದು’ ಎಂದ ಸುಂಬೊ.
‘ನನ್ನಮ್ಮನದು, ಕೊಡು’ ಎಂದೆ.

ಅದು ಇನ್ನೂ ಮುಗಿದಿಲ್ಲ.
ದಿನಾ ಬೆಳಗ್ಗೆ ಬಯಲಿಗೆ ಬರುತ್ತಾನೆ, ನಾನೂ ಹೋಗುತ್ತೇನೆ,
ಬುತ್ತಿ ಕಟ್ಟಿಕೊಂಡು.
ಬೇಸಿಗೆ ಸಾಕಷ್ಟು ಉಳಿದಿದೆ.