ಅಂಜಲ್ ಲೆಕ್ಕ

ಕಿಲೋಗೆ ಎರಡು ಮಿಲಿಗ್ರಾಂ.
ಅರವತ್ತು ಕಿಲೋ ತೂಗುವ ಮೈಗೆ ನೂರಿಪ್ಪತ್ತು,
ಹಾಲಿನ ಹಾಗೆ ಬೆಳ್ಳಗಿನ ಮದ್ದು.
ಕಂಕನಾಡಿಯಲ್ಲೂ ಅಷ್ಟೇ, ಮಸ್ಕತ್ತಿನಲ್ಲೂ ಅಷ್ಟೇ,
ರಾಯಚೂರಿನ ಬಿಸಿಲಿಗೂ ಅಷ್ಟೇ.
ಅದನ್ನು ಸಿರಿಂಜಿಗೆ ಎಳೆದುಕೊಡುವ ಕೈಗೆ ಮಾತ್ರ
ಊರಿಗೊಂದು ದರ.

ಹನ್ನೊಂದು ವರ್ಷದಿಂದ ಈ ಕೈ ಇಲ್ಲಿದೆ.
ಪಿಎಫ್ ಕಳೆದು ಇಪ್ಪತ್ತಮೂರೂವರೆ ಸಾವಿರ.
ರೂಪಾಯಿಯಲ್ಲಿ ಹೇಳಿದರೆ ನನಗೆ ಅರ್ಥವಾಗುವುದಿಲ್ಲ;
ಅಮ್ಮ ಬೀಡಿ ಸುತ್ತಿದ ವಾರದ ಹಣವನ್ನು
ಇಷ್ಟು ಬಂಗುಡೆ ಎಂದೇ ಎಣಿಸುತ್ತಿದ್ದಳು.
ನಾನು ಓದಿದವಳು, ಅಂಜಲಿನಲ್ಲಿ ಎಣಿಸುತ್ತೇನೆ.

ಜನವರಿಯಲ್ಲಿ ನನ್ನ ಸಂಬಳ ಇಪ್ಪತ್ತೊಂದು ಕಿಲೋ ಅಂಜಲ್.
ದೋಣಿಗಳು ದಡ ಹತ್ತಿ ಕೂತ ಜುಲೈಯಲ್ಲಿ
ಹದಿನಾಲ್ಕಕ್ಕೆ ಇಳಿಯುತ್ತದೆ.
ಕಡಿತದ ಪತ್ರ ಯಾರೂ ಕೊಡುವುದಿಲ್ಲ.

ಮಸ್ಕತ್ತಿನ ಐರಿನ್ ಕ್ರಾಸ್ತಾಳದ್ದು
ತಿಂಗಳಿಗೆ ನೂರನಲವತ್ತು ಕಿಲೋ, ಅಲ್ಲಿಯದೇ ಕಡಲಿನದು.
ಒಂದು ಕೋಣೆ, ನಾಲ್ಕು ಮಂಚ, ಒಂದು ಒಲೆ.
ತಿನ್ನುವ ಬಾಯಿಗಳೆಲ್ಲ ಬೆಂದೂರಿನಲ್ಲಿ.

ಗಾಲ್ವೇಯ ವಿಲ್ಮಾಳಿಗೆ ಕೇಳಿದೆ.
ಬಾಡಿಗೆ ಕೊಟ್ಟ ಮೇಲೆಯೋ, ಮೊದಲೋ, ಎಂದಳು.
ಮೇಲೆ, ಎಂದೆ.
ಇಲ್ಲಿ ಮಳೆ ಮಾರಾಯ್ತಿ, ಎಂದು ಮಾತು ತಿರುಗಿಸಿದಳು.

ರಾಯಚೂರಿನ ಶಶಿರೇಖಾಳದ್ದು ಸರಕಾರಿ ಕೆಲಸ.
ಬಾಡಿಗೆ ಮೂರೂವರೆ ಸಾವಿರ,
ಅಂಜಲ್ ಸಿಗುವುದೇ ಇಲ್ಲ.
ಸೊನ್ನೆಯಿಂದ ಭಾಗಿಸಬಾರದು ಎಂದು ಶಾಲೆಯಲ್ಲಿ ಹೇಳಿದ್ದರು.
ನಮ್ಮ ಬ್ಯಾಚಿನಲ್ಲಿ ಸೈಟು ಕೊಂಡವಳು ಅವಳೊಬ್ಬಳೇ.

ನಿನ್ನೆ ಎರಡನೇ ಟೇಬಲ್ಲಿಗೆ ಪಿತ್ತಕೋಶದ ಕಲ್ಲು,
ಬೆಂಗ್ರೆಯ ಅಪ್ಪಿಯಕ್ಕ, ಬಂದರಿನಲ್ಲಿ ಬುಟ್ಟಿ ಇಡುವವರು.
ತೂಕ ಐವತ್ತೆಂಟು.
ಮೂಗುತಿ ಬಿಚ್ಚಿಸಿ ಹತ್ತಿಯಲ್ಲಿ ಸುತ್ತಿ
ಮಗಳ ಕೈಗೆ ಕೊಟ್ಟು ಬಂದಿದ್ದೆ.
ಮಾಸ್ಕು ಹಿಡಿಯುವ ಮೊದಲು ಕೇಳಿದರು:
ನಿನಗೆಷ್ಟು ಕೊಡ್ತಾರೆ ಮಗಾ?
ಡಾಕ್ಟರರು ಮಾನಿಟರ್ ನೋಡುತ್ತಿದ್ದರು.
ಹೇಳಿದೆ, ಮೆಲ್ಲಗೆ.
ಅಷ್ಟಕ್ಕೆ ನನ್ನ ಜೀವ ಹಿಡ್ಕೊಂಡು ಕೂರ್ತೀಯಾ?
ನಕ್ಕರು. ಎಣಿಸಿ ಅಂದೆ.
ಒಂಜಿ, ರಡ್ಡ್, ಮೂಜಿ, ನಾಲ್...

ಎಲ್ಲರೂ ಅವರವರ ಭಾಷೆಯಲ್ಲಿ ಇಳಿಯುತ್ತಾರೆ,
ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ.
ಹತ್ತು ಮುಟ್ಟಿದವರನ್ನು ನಾನು ಕಂಡಿಲ್ಲ.
ಆಮೇಲೆ ದವಡೆ ಸಡಿಲುತ್ತದೆ,
ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿಯಬೇಕು.
ದವಡೆಗೆ ತೂಕ ಉಂಟು. ಎಷ್ಟು ಗ್ರಾಂ ಎಂದು
ಯಾವ ಪುಸ್ತಕದಲ್ಲೂ ಬರೆದಿಲ್ಲ.

ಒಂದು ಗಂಟೆ ಹತ್ತು ನಿಮಿಷ.
ಅವರ ಉಸಿರು ನನ್ನ ಅಂಗೈಯ ಚೀಲದಲ್ಲಿ
ಉಬ್ಬಿತು, ಇಳಿಯಿತು.

ಎಚ್ಚರವಾಗುವಾಗ ಕೆಲವರು ತಾಯಿಯನ್ನು ಕರೆಯುತ್ತಾರೆ,
ಕೆಲವರು ಬೈಯುತ್ತಾರೆ.
ಅಪ್ಪಿಯಕ್ಕ ಕಣ್ಣು ತೆರೆಯದೆ,
ಒಣಗಿದ ನಾಲಗೆಯಲ್ಲಿ, ಯಾರಿಗೋ, ಗಟ್ಟಿಯಾಗಿ,
ಆತ್ ಕಮ್ಮಿಗ್ ಆಪುಜಿ ಅಂದರು.
ಅಷ್ಟು ಕಮ್ಮಿಗೆ ಆಗುವುದಿಲ್ಲ.

ಮೀನಿಗೆ ಹೇಳಿದ್ದು. ಮೀನಿಗೇ ಇರಬೇಕು.
ಸಂಜೆ ಆಫೀಸಿನಲ್ಲಿ ಹೊಸ ವರ್ಷದ ಕಾಗದ ಕಾದಿತ್ತು,
ಸಹಿಯ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿ:
ಎಂಟುನೂರು ಹೆಚ್ಚು.
ಮುಕ್ಕಾಲು ಕಿಲೋ, ತಲೆ ಸೇರಿ.
ಪೆನ್ನು ತಂದಿಲ್ಲ ಅಂದೆ.
ಪೆನ್ನು ಕಿಸೆಯಲ್ಲೇ ಇತ್ತು.