ಮೂರು ಕೊಂಡಿ

ದೋಣಿಗೆ ಇರುವುದು ಮೂರೇ ಕೊಂಡಿ, ಡಾಕ್ಟರೇ.
ಮೂರನ್ನೂ ನಾನೇ ಬಡಿದದ್ದು, ಲೆಂಗಾ ಮರದ ತುಂಡಿನಲ್ಲಿ;
ಎಡ ಹೆಬ್ಬೆರಳಿನ ಉಗುರು ಹೋದದ್ದು ಅದೇ ವಾರ.
ನಿಮ್ಮ ಗಾಡಿಯ ಬೆನ್ನಲ್ಲಿ ಹನ್ನೊಂದು ಕೊಳವೆ,
ಕೊಳಲಂಗಡಿಯ ಹಾಗೆ.
ಎಂಟನ್ನು ಇಲ್ಲೇ ಬಿಡಿ. ಅತ್ತಿಗೆಯ ಅಟ್ಟ ಬೆಚ್ಚಗಿದೆ,
ಬೆಕ್ಕು ಕೂಡ ಅವನ್ನು ಮೂಸುವುದಿಲ್ಲ.

ಏನೆಂದಿರಿ?
ಕಾಮನಬಿಲ್ಲಿನ ಟ್ರೌಟಿಗೊಂದು, ಕಂದು ಟ್ರೌಟಿಗೊಂದು,
ತೊರೆಯ ಚುಕ್ಕೆಮೀನಿಗೊಂದು, ಪರ್ಚಿಗೊಂದು,
ಕಡಲಿನ ದಾರಿ ಮರೆತು ಸರೋವರದಲ್ಲೇ ಉಳಿದ ಸಾಲ್ಮನ್ನಿಗೊಂದು.
ರೊಸಾರಿಯೊದ ನಿಮ್ಮ ಆಸ್ಪತ್ರೆಯಲ್ಲಿ
ಹಲ್ಲಿಗೊಂದು ಇಕ್ಕಳ ಇಡುತ್ತೀರಾ?
ಹದಿನಾಲ್ಕು ಇವೆಯೇ?
ಸರಿ, ಕೆಟ್ಟ ಉದಾಹರಣೆ.

ಆದರೂ ಕೇಳಿ. ಮೀನಿನ ಹೆಸರು ಕೋಲಿಗೆ ಗೊತ್ತಿಲ್ಲ.
ಕೋಲಿಗೆ ಗೊತ್ತಿರುವುದು ದಾರದ ಭಾರ,
ದಾರಕ್ಕೆ ಗೊತ್ತಿರುವುದು ನೊಣದ ಭಾರ,
ನೊಣಕ್ಕೆ ಗೊತ್ತಿರುವುದು ಗಾಳಿ.
ಅದು ಪಡುವಣದಿಂದ ಬರುತ್ತದೆ, ಚಿಲಿಯ ಹಿಮ ಮುಟ್ಟಿ,
ಹನ್ನೊಂದು ಗಂಟೆಗೆ, ಬ್ಯಾಂಕಿನ ಗುಮಾಸ್ತನಂತೆ ತಪ್ಪದೆ.
ಗಾಳಿ ಬಂದಾಗ ತೂರಿಕೊಳ್ಳಬೇಕಂತೆ;
ಇಲ್ಲಿ ತೂರಿದ್ದೆಲ್ಲ ತಿರುಗಿ ಬಂದು
ನಿಮ್ಮ ಕಿವಿಯನ್ನೇ ಹಿಡಿಯುತ್ತದೆ.
ಹೋದ ವರ್ಷ ಒಬ್ಬ ವಕೀಲರ ಕಿವಿಯಿಂದ
ಕೊಕ್ಕೆ ಬಿಡಿಸಿದವಳು ನಾನು.

ಕೊಡಿ, ಆ ಮಾಸಲು ಹಸಿರಿನದು. ನಾಲ್ಕನೇ ನಂಬರು.
ವಿಲೋ ಬಾಗಿದ ಕಾಲುವೆಗೆ, ಮೊಣಕಾಲುದ್ದದ ನೀರಿಗೆ ಇದು.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?
ಎಂಟನೇ ನಂಬರಿನಲ್ಲಿ ಎಳೆದ ಗೇಣುದ್ದದ ಮೀನು
ಮೀನಲ್ಲ, ಒದ್ದೆ ಎಲೆ.
ಇದರಲ್ಲಾದರೆ ಅದರ ಕೋಪವೆಲ್ಲ
ನಿಮ್ಮ ಮಣಿಕಟ್ಟಿನ ತನಕ ಬರುತ್ತದೆ.

ಇನ್ನೊಂದು ಆರನೆಯದು, ಒಂಬತ್ತಡಿ.
ನಮ್ಮ ಅಡುಗೆಮನೆಯ ಚಾಕು ನೋಡಿದ್ದೀರಲ್ಲ,
ಈರುಳ್ಳಿಗೂ ಅದೇ, ಬ್ರೆಡ್ಡಿಗೂ ಅದೇ,
ತೆರಿಗೆ ಇಲಾಖೆಯ ಕಾಗದ ಹರಿಯಲಿಕ್ಕೂ ಅದೇ.
ನನ್ನಪ್ಪ ಗ್ವಿಲಿಮ್ ಹತ್ತು ಕಟ್ಟಿಕೊಂಡವರಲ್ಲ;
ಇಂಥದೊಂದರಲ್ಲೇ ಇಪ್ಪತ್ತಾರು ಬೇಸಿಗೆ ಕಳೆದರು.
ಕೀಲು ಸಡಿಲವಾದಾಗ ಮೇಣ ತಿಕ್ಕಿದರು,
ಮೇಣ ಮುಗಿದಾಗ ಮೂಗಿನ ಎಣ್ಣೆ.
ನಗಬೇಡಿ, ಹಿಡಿಯುತ್ತದೆ.

ಮೂರನೆಯದಕ್ಕೆ ನೀವು ಮುಖ ಸಿಂಡರಿಸುತ್ತೀರಿ, ಗೊತ್ತು.
ಎಂಟನೆಯದು. ಪೊರಕೆ ಹಿಡಿಕೆ ಅನ್ನುತ್ತೀರಿ.
ಏಪ್ರಿಲ್ ಬರಲಿ. ನದಿ ಬಂದು ಸೇರುವ ಬಾಯಲ್ಲಿ
ಕಂದು ಟ್ರೌಟುಗಳು ಮೊಟ್ಟೆಯ ಹೊರೆ ಹೊತ್ತು
ಕತ್ತಲಲ್ಲಿ ಸಾಲುಗಟ್ಟುತ್ತವೆ.
ಗುಬ್ಬಿಯಷ್ಟು ದೊಡ್ಡ ನೊಣ, ಮುಳುಗುವ ದಾರ,
ಎದುರುಗಾಳಿ. ಆಗ ಪೊರಕೆಯೇ ಬೇಕು.

ಆ ಬಿದಿರಿನದನ್ನು ಮಾತ್ರ
ಮೂರು ಸಲ ತೆಗೆದಿರಿ, ಮೂರು ಸಲ ಒಳಗಿಟ್ಟಿರಿ.
ಹಿಡಿಯ ಮೇಲೆ ಯಾರದೋ ಹಲ್ಲಿನ ಗುರುತು.
ಮಗುವಿನದೇ? ನಾಯಿಯದೇ?
ನಾನು ಕೇಳುವುದಿಲ್ಲ.
ಅದು ಯಾವ ಮೀನಿಗೂ ಅಲ್ಲ. ತನ್ನಿ.
ಕೊಂಡಿ ಮೂರೇ ಆದರೂ ನಿಮಗೆ ಮಡಿಲಿದೆ.

ಮರೆತೆ, ಇನ್ನೊಂದು ಮಾತು.
ಈ ವರ್ಷದ ದೊಡ್ಡ ಮೀನನ್ನು ಹಿಡಿದವಳು
ಆಚೆಮನೆಯ ಸುಯಾಯ್, ಒಂಬತ್ತು ವರ್ಷ,
ಹಾಲಿನಪುಡಿ ಡಬ್ಬಿಗೆ ಸುತ್ತಿದ ದಾರದಲ್ಲಿ,
ಕಟ್ಟೆಯ ಮೇಲೆ ನಿಂತು, ಚಪ್ಪಲಿ ಕೂಡ ಇಲ್ಲದೆ.
ಇದನ್ನು ಹೋಗುವಾಗ ಹೇಳಬೇಕೆಂದಿದ್ದೆ,
ಹಣ ಎಣಿಸಿಕೊಂಡ ಮೇಲೆ.

ಹತ್ತಿ. ಬಲಗಾಲು ಮೊದಲು.
ಕೋಲಿನ ತುದಿ ಹಿಂದಕ್ಕಿರಲಿ, ನನ್ನ ಕಣ್ಣಿನಿಂದ ದೂರ.
ಈಗ ಒಂಬತ್ತೂಕಾಲು.
ಗುಮಾಸ್ತ ಇನ್ನೂ ಮೀಸೆ ತಿದ್ದುತ್ತಿದ್ದಾನೆ.